ನೋಡುವವರ ಋಣ

ರಜೆಯಲ್ಲಿ ಎಲ್ಲಿಗೆ ಹೋಗುವುದು ಎಂಬ ಪ್ರಶ್ನೆ ನನ್ನ ಅಮ್ಮನ ಕಾಲದಲ್ಲಿ ಇರಲಿಲ್ಲ. ರಜೆಯೆಂದರೆ ಮಕ್ಕಳಿಗೆ ಅಜ್ಜಿಮನೆ, ಹೆಂಗಸರಿಗೆ ಹಪ್ಪಳ, ಸಂಡಿಗೆ, ಮಾವಿನ ಮಿಡಿ. ಗಂಡನ ಮನೆಯ ಒಲೆ ಬಿಟ್ಟು ತವರುಮನೆಯ ಒಲೆಯ ಮುಂದೆ ಕೂರುವುದೇ ಅವರ ಪ್ರವಾಸ. ನಾನು ಟೀಚರಾದ ಮೇಲೂ ನನ್ನ ಪಾಡು ಅದಕ್ಕಿಂತ ಬಹಳ ಬೇರೆಯಾಗಲಿಲ್ಲ. ಎಪ್ರಿಲ್ ಬಂತೆಂದರೆ ಉತ್ತರಪತ್ರಿಕೆಯ ಕಟ್ಟು, ಇಲ್ಲವೇ ಗಣತಿ, ಚುನಾವಣೆ. ಉಳಿದ ದಿನಗಳಲ್ಲಿ ಮನೆತುಂಬ ನೆಂಟರು. ಹಾಗಾಗಿ ಎರಡು ವರ್ಷದ ಹಿಂದೆ ಬೆಂಗಳೂರಿನಿಂದ ಮಗಳು ಫೋನು ಮಾಡಿ, "ಅಮ್ಮ, ಈ ಸಲ ಬಾಲಿ ದ್ವೀಪಕ್ಕೆ ಹೋಗುವ, ಟಿಕೇಟು ಮಾಡಿ ಆಗಿದೆ" ಎಂದಾಗ ನನ್ನ ಬಾಯಿಗೆ ಮೊದಲು ಬಂದ ಮಾತು, "ಹೋದರೆ ಅಲ್ಲಿ ಅಡುಗೆ ಯಾರು ಮಾಡುವುದು?"

ಯಾರೂ ಮಾಡಬೇಕಾಗಿರಲಿಲ್ಲ. ಅದೇ ನನಗೆ ಅತಿ ದೊಡ್ಡ ಆಶ್ಚರ್ಯ. ಆರು ದಿನ ನಾನು ಸುಮ್ಮನೆ ಕೂತು ನೋಡಿದೆ. ಸಮುದ್ರ ನಮಗೆ ಹೊಸದಲ್ಲ, ತೆಂಗು, ಬಾಳೆ, ಗದ್ದೆ ಹೊಸದಲ್ಲ. ಹಾಗಾಗಿ ಕಣ್ಣು ಹೋದದ್ದು ಅಲ್ಲಿಯ ಆಟ, ಕುಣಿತ, ಪೂಜೆಗಳ ಮೇಲೆ. ಉಲುವಾಟು ಎಂಬಲ್ಲಿ ಸಮುದ್ರದ ಮೇಲಿನ ಕಡಿದಾದ ಬಂಡೆಯ ತುದಿಯಲ್ಲಿ ದೇವಸ್ಥಾನವಿದೆ. ಅದರ ಪಕ್ಕದ ಬಯಲಿನಲ್ಲಿ ಸೂರ್ಯ ಮುಳುಗುವ ಹೊತ್ತಿಗೆ ಹತ್ತಾರು ಗಂಡಸರು ಬರಿಮೈಯಲ್ಲಿ ವೃತ್ತಾಕಾರವಾಗಿ ಕೂತು, ಯಾವ ವಾದ್ಯವೂ ಇಲ್ಲದೆ, "ಚಕ್ ಚಕ್ ಚಕ್" ಎಂದು ಬಾಯಿಯಲ್ಲೇ ತಾಳ ಹಿಡಿಯುತ್ತಾರೆ. ನಡುವೆ ರಾಮ, ಸೀತೆ, ಬಂಗಾರದ ಜಿಂಕೆ, ಕೊನೆಗೆ ಬೆಂಕಿಯ ನಡುವಿನಿಂದ ಹಾರುವ ಹನುಮಂತ. ಕೆಚಕ್ ಎಂದು ಅದರ ಹೆಸರು. ಬಯಲಾಟ ನೋಡಿ ಬೆಳೆದ ನನಗೆ ಭಾಷೆ ತಿಳಿಯದಿದ್ದರೂ ಕತೆ ಬಾಯಿಪಾಠ. ಹನುಮಂತನ ಸುತ್ತ ಬೆಂಕಿ ಹೊತ್ತಿದಾಗ ನಾನು ಅರಿವಿಲ್ಲದೆ ಕೈಮುಗಿದೆ. ಪಕ್ಕದಲ್ಲಿ ಕೂತವರೆಲ್ಲ ಮೊಬೈಲು ಎತ್ತಿ ಹಿಡಿದಿದ್ದರು.

ನಾವು ಇಳಿದುಕೊಂಡ ಮನೆಯ ಯಜಮಾನಿ ನನ್ನ ವಯಸ್ಸಿನವಳು. ದಿನಾ ಬೆಳಿಗ್ಗೆ ತೆಂಗಿನ ಎಳೆಗರಿಯಲ್ಲಿ ಅಂಗೈಯಷ್ಟಗಲದ ತಟ್ಟೆ ಹೆಣೆದು, ಅದರಲ್ಲಿ ಹೂವು, ಚೂರು ಅನ್ನ ಇಟ್ಟು, ಮೆಟ್ಟಿಲಿನ ಮೇಲೆ, ಗೇಟಿನ ಬಳಿ, ಅಳಿಯನ ಬಾಡಿಗೆ ಸ್ಕೂಟರಿನ ಮೇಲೂ ಇಟ್ಟು ಹೋಗುತ್ತಿದ್ದಳು. ಇಬ್ಬರದೂ ಅರ್ಧಂಬರ್ಧ ಇಂಗ್ಲಿಷು, ಹಾಗಾಗಿ ಮಾತು ಚೆನ್ನಾಗಿಯೇ ನಡೆಯಿತು. ನಮ್ಮೂರಲ್ಲೂ ಹೀಗೆ ಆಟ, ಜಾತ್ರೆ, ದೈವ ಎಲ್ಲ ಇವೆ ಎಂದು ಹೆಮ್ಮೆಯಿಂದ ಹೇಳಿದೆ. ಅವಳು ಗರಿ ಹೆಣೆಯುತ್ತಲೇ ಕೇಳಿದಳು: "ನಿಮ್ಮಲ್ಲಿಗೂ ನೋಡುವವರು ಬರುತ್ತಾರಾ?"

"ಬರುತ್ತಾರೆ."

"ಅವರಿಗೆ ನೀವು ಎಲ್ಲವನ್ನೂ ತೋರಿಸುತ್ತೀರಾ?"

ಅವಳು ಕುತೂಹಲಕ್ಕೆ ಕೇಳಿದ್ದು. ನನಗೆ ಮಾತ್ರ ಉತ್ತರ ಹೊರಡಲಿಲ್ಲ. ಏಕೆಂದರೆ ಒಮ್ಮೆ ನಾನು ತೋರಿಸಬಾರದ್ದನ್ನು ತೋರಿಸಿದ್ದೆ. ಅದನ್ನು ಈವರೆಗೆ ಯಾರ ಮುಂದೆಯೂ ಹೇಳಿಲ್ಲ. ಇಲ್ಲಿ ಹೇಳುತ್ತೇನೆ.

ಅದು 1998ರ ಬೇಸಗೆ ರಜೆ. ಬೆಳ್ತಂಗಡಿ ತಾಲೂಕಿನ ನನ್ನ ಗಂಡನ ಮನೆಯಲ್ಲಿ ಮನೆದೈವಕ್ಕೆ ಕೋಲ. ನಾನು ಆ ಊರಿನ ಶಾಲೆಯಲ್ಲೇ ಕನ್ನಡ ಟೀಚರು, ಕೆಲಸಕ್ಕೆ ಸೇರಿ ಕೆಲವೇ ವರ್ಷ. ಬೊಂಬಾಯಿಯಿಂದ ನಾದಿನಿಯ ಸಂಸಾರ ಬಂದಿತ್ತು. ಅವಳ ಮಗ ಕಾಲೇಜು ಹುಡುಗ, ಕುತ್ತಿಗೆಯಲ್ಲಿ ಹೊಸ ಕ್ಯಾಮೆರಾ. ಇಡೀ ರಾತ್ರಿ ಅವನು ಫೋಟೋ ತೆಗೆದ. ಬೆಳಗಿನ ಜಾವ ದೈವ ಆವೇಶದಲ್ಲಿ ಅಂಗಳ ಸುತ್ತುವ ಹೊತ್ತಿಗೆ ಸರಿಯಾಗಿ ರೀಲು ಮುಗಿಯಿತು. ಹುಡುಗನ ಮುಖ ಸಣ್ಣದಾಯಿತು. ಬೆಳಿಗ್ಗೆ ಚಾ ಕುಡಿಯುವಾಗ ನನ್ನ ಹತ್ತಿರ ಬಂದು, "ಮಾಮಿ, ಇನ್ನೊಂದು ರೀಲು ಸೂಟ್‌ಕೇಸಿನಲ್ಲಿ ಸಿಕ್ಕಿತು. ಅವರು ಒಮ್ಮೆ ಮತ್ತೆ ಹಾಕಿಕೊಂಡು ನಿಲ್ಲಬಹುದಾ? ಐದೇ ನಿಮಿಷ" ಎಂದ.

ಆಗದು ಎಂದು ಹೇಳಬೇಕಿತ್ತು. ಆದರೆ ನೆಂಟರ ಮುಂದೆ ಇಲ್ಲ ಎನ್ನುವುದು ನಮ್ಮ ಹೆಂಗಸರಿಗೆ ಯಾರು ಕಲಿಸಿದ್ದಾರೆ? ನಾನು ಹಟ್ಟಿಯ ಹಿಂದೆ ಹೋದೆ. ಅಲ್ಲಿ ದೈವ ಕಟ್ಟಿದ ಕಲಾವಿದರು ತೆಂಗಿನೆಣ್ಣೆ ಹಚ್ಚಿ ಮುಖದ ಬಣ್ಣ ಒರೆಸಿಕೊಳ್ಳುತ್ತಿದ್ದರು. ಅರ್ಧ ಮುಖ ದೈವದ್ದು, ಅರ್ಧ ಮುಖ ನಿದ್ದೆಗೆಟ್ಟ ಮನುಷ್ಯನದ್ದು. ಅವರ ಹೆಂಡತಿ ಗೋಡೆಗೆ ಒರಗಿ ಕಣ್ಣು ಮುಚ್ಚಿದ್ದರು. ರಾತ್ರಿಯಿಡೀ ತೆಂಬರೆ ಬಾರಿಸಿ ಪಾಡ್ದನ ಹೇಳಿದ ಗಂಟಲು ಅವರದು. ಮಗಳು ಗಗ್ಗರವನ್ನು ಬಟ್ಟೆಯಲ್ಲಿ ಸುತ್ತುತ್ತಿದ್ದಳು. ಅವಳು ನನ್ನ ಶಾಲೆಯ ಎಂಟನೆಯ ತರಗತಿಯ ವಿದ್ಯಾರ್ಥಿನಿ.

ನಾನು ವಿಷಯ ಹೇಳಿದೆ. ಅವರು ಹೆಂಡತಿಯ ಮುಖ ನೋಡಿದರು, ಆಮೇಲೆ ನನ್ನ ಮುಖ. "ಟೀಚರು ಹೇಳಿದ ಮೇಲೆ ಎಂತ ಹೇಳುವುದು?" ಎಂದು ಎದ್ದರು. ಒರೆಸಿದ ಕಡೆಗೆ ಮತ್ತೆ ಬಣ್ಣ ಮುಟ್ಟಿಸಿದರು. ತಿರಿ ಬಾಡಿ ಜೋತುಬಿದ್ದಿದ್ದ ಅಣಿಯನ್ನು ಬೆನ್ನಿಗೆ ಕಟ್ಟಿಸಿಕೊಂಡರು. ಮಗಳು ಕಟ್ಟು ಬಿಚ್ಚಲು ಹೋದಾಗ ಮಾತ್ರ ತಡೆದರು. "ಗಗ್ಗರ ಕಟ್ಟಲಿಕ್ಕಿಲ್ಲ ಟೀಚರೆ. ಅದು ಬೇಡ."

ಹಾಗೆ ಅವರು ಬಿಸಿಲಿನಲ್ಲಿ ನಿಂತರು. ಪಾಡ್ದನವಿಲ್ಲ, ದೊಂದಿಯಿಲ್ಲ. ನಾದಿನಿಯ ಮಗ "ಸ್ವಲ್ಪ ಸಿಟ್ಟಿನಲ್ಲಿ ನೋಡಿ" ಎಂದ. ನೋಡಿದರು. ಐವತ್ತು ರೂಪಾಯಿಯ ನೋಟು ಕೊಟ್ಟ. ತೆಗೆದುಕೊಂಡರು. ಹುಡುಗಿ ತಂದೆಯನ್ನು ನೋಡುತ್ತಿರಲಿಲ್ಲ, ಕ್ಯಾಮೆರಾವನ್ನೂ ನೋಡುತ್ತಿರಲಿಲ್ಲ. ಗಗ್ಗರದ ಗಂಟನ್ನು ಎದೆಗೆ ಅವಚಿಕೊಂಡು ನನ್ನನ್ನೇ ನೋಡುತ್ತಿದ್ದಳು.

ಜೂನಿನಲ್ಲಿ ಶಾಲೆ ತೆರೆಯಿತು. ಪ್ರತಿವರ್ಷದ ಹಾಗೆ ಒಂಬತ್ತನೆಯವರಿಗೆ "ನಾನು ನೋಡಿದ ಜಾತ್ರೆ" ಎಂಬ ಪ್ರಬಂಧ ಕೊಟ್ಟೆ. ಎಲ್ಲರೂ ತೇರು, ಬಳೆ ಅಂಗಡಿ, ತೊಟ್ಟಿಲು, ಐಸ್‌ಕ್ಯಾಂಡಿ ಎಂದು ಎರಡೆರಡು ಪುಟ ಬರೆದಿದ್ದರು. ಆ ಹುಡುಗಿ ಬರೆದದ್ದು ಎರಡೇ ವಾಕ್ಯ. "ನಾನು ಜಾತ್ರೆ ನೋಡಿಲ್ಲ. ನಾವು ಜಾತ್ರೆಗೆ ಕೆಲಸಕ್ಕೆ ಹೋಗುವುದು."

ನಾನು ಹತ್ತರಲ್ಲಿ ಮೂರು ಅಂಕ ಕೊಟ್ಟು, ಕೆಂಪು ಶಾಯಿಯಲ್ಲಿ "ವಿಷಯ ವಿಸ್ತಾರ ಸಾಲದು" ಎಂದು ಬರೆದೆ.

ಜುಲೈ ತಿಂಗಳಲ್ಲಿ ಬೊಂಬಾಯಿಯಿಂದ ಅಂಚೆಯಲ್ಲಿ ಫೋಟೋ ಬಂತು. ಚೆನ್ನಾಗಿಯೇ ಬಂದಿತ್ತು. ಅಣಿಯ ಕೆಳಗೆ, ಗಗ್ಗರವಿಲ್ಲದ ಬರಿಗಾಲು. ಮನೆಯಲ್ಲಿ ಯಾರೂ ಅದನ್ನು ಗಮನಿಸಲಿಲ್ಲ. ನಾನು ಗಮನಿಸಿದೆ. ಆಗ ಆ ಎರಡು ವಾಕ್ಯಗಳ ಅರ್ಥ ಆಯಿತು. ಆದರೆ ಅಂಕಪಟ್ಟಿ ಅಷ್ಟರಲ್ಲಿ ಆಫೀಸಿಗೆ ಹೋಗಿತ್ತು.

ಇಲ್ಲಿ ಒಂದು ಸುಲಭದ ಉತ್ತರ ಇದೆ. ನೋಡಲು ಬರುವ ಪರವೂರಿನವರಿಂದಲೇ ಎಲ್ಲ ಕೆಡುವುದು, ಅವರನ್ನು ದೂರ ಇಟ್ಟರೆ ನಮ್ಮ ಕಲೆ, ನಮ್ಮ ಆಚರಣೆ ಉಳಿಯುತ್ತದೆ ಎಂಬ ಉತ್ತರ. ಸಭೆಗಳಲ್ಲಿ ಈ ಮಾತಿಗೆ ಚಪ್ಪಾಳೆ ಬೀಳುವುದನ್ನು ಕೇಳಿದ್ದೇನೆ. ನನಗೆ ಮಾತ್ರ ಅದನ್ನು ಒಪ್ಪಲು ಆಗುವುದಿಲ್ಲ. ಕಾರಣ ನನ್ನ ಅಮ್ಮ.

ಬಂಟ್ವಾಳದ ಬದಿಯ ನನ್ನ ತವರುಮನೆಯಲ್ಲೂ ವರ್ಷಕ್ಕೊಮ್ಮೆ ಕೋಲ ಆಗುತ್ತಿತ್ತು. ಅಮ್ಮ ಆ ಮನೆಗೆ ಬಂದ ಮೇಲೆ ನಲವತ್ತಕ್ಕಿಂತ ಹೆಚ್ಚು ಕೋಲ ಆಗಿರಬೇಕು. ಅವರು ಒಂದನ್ನೂ ಸರಿಯಾಗಿ ನೋಡಿದವರಲ್ಲ. ಇನ್ನೂರು ಜನರ ಊಟ ಮುಗಿಯುವಾಗ ನಡುರಾತ್ರಿ, ಆಮೇಲೆ ಪಾತ್ರೆ, ಆಮೇಲೆ ಬೆಳಗಿನ ತಿಂಡಿಗೆ ಅಕ್ಕಿ ಕಡೆಯುವುದು. ಅಡುಗೆಮನೆಯ ಕಿಟಕಿಯ ಸರಳಿನಿಂದ ಅಂಗಳದ ಒಂದು ಮೂಲೆ, ದೊಂದಿಯ ಬೆಳಕು ಕಾಣುತ್ತಿತ್ತು. ಆದರೂ ಗಗ್ಗರದ ಸದ್ದು ಕೇಳಿಯೇ "ಈಗ ದೈವ ಚಾವಡಿಯ ಮುಂದೆ ಬಂತು", "ಈಗ ಯಜಮಾನರನ್ನು ಕರೆಯುತ್ತದೆ" ಎಂದು ಅವರು ಹೇಳುತ್ತಿದ್ದರು. ಚಿಕ್ಕವಳಾದ ನನಗೆ ಅದು ಪವಾಡ. ಕಣ್ಣಿಂದ ನೋಡದೆಯೂ ಅಮ್ಮ ಇದರೊಳಗೇ ಇದ್ದಾರೆ, ನೋಡುವವರಿಗಿಂತ ಹೆಚ್ಚು ಒಳಗೆ ಇದ್ದಾರೆ ಎಂದು ನಾನು ಬಹಳ ಕಾಲ ನಂಬಿದ್ದೆ. ಒಂದು ಕಾರ್ಯಕ್ರಮದಲ್ಲಿ ಭಾಷಣದಲ್ಲೂ ಹೇಳಿದ್ದೆ. ಮನೆಗೆ ಬಂದು ಅಮ್ಮನಿಗೆ ಅದನ್ನು ತಿಳಿಸಿದಾಗ ಅವರು ನಕ್ಕು ಹೇಳಿದರು: "ಒಳಗೆ ಇದ್ದದ್ದು ಹೌದು ಮಗಾ, ಅಡುಗೆಮನೆಯ ಒಳಗೆ. ಒಮ್ಮೆ ಎದುರು ಕೂತು ಪೂರ್ತಿ ನೋಡಬೇಕಿತ್ತು ಅಂತ ನನಗೂ ಆಸೆ ಇತ್ತು."

ಸುಮ್ಮನೆ ಕೂತು ನೋಡುವುದು ಒಂದು ಸುಖ. ಅದು ಎಲ್ಲರಿಗೂ ಸಿಕ್ಕಿದ ಸುಖವಲ್ಲ. ಇದನ್ನು ಓದುತ್ತಿರುವ ನಿಮ್ಮಲ್ಲಿ ಎಷ್ಟು ಮಂದಿ ನಿಮ್ಮ ಮನೆಯ ಮದುವೆಯ ಧಾರೆಯನ್ನು ಅಡಚಣೆಯಿಲ್ಲದೆ ನೋಡಿದ್ದೀರಿ, ಒಮ್ಮೆ ಎಣಿಸಿ ನೋಡಿ. ಹಾಗಿರುವಾಗ ಹಣ ಕೂಡಿಟ್ಟು, ರಜೆ ಹಾಕಿ, ಇನ್ನೊಂದು ಊರಿನ ಆಟವನ್ನೋ ಹಬ್ಬವನ್ನೋ ನೋಡಲು ಬಂದವರನ್ನು, ಅದರಲ್ಲೂ ಹೆಂಗಸರನ್ನು, ನಾನು ಹೇಗೆ ದೂರಲಿ? ಬಾಲಿಯಲ್ಲಿ ನಾನೂ ಹಾಗೆಯೇ ಕೂತಿದ್ದೆ. ಆದರೆ ನಾನು ಅಲ್ಲಿ ಕೂತು ನೋಡುವಾಗಲೂ ಬೆಳಿಗ್ಗೆ ಐದಕ್ಕೆ ಎದ್ದು ಗರಿ ಹೆಣೆದವಳು ಇನ್ನೊಬ್ಬಳು. ಒಬ್ಬರ ರಜೆ ಇನ್ನೊಬ್ಬರ ಕೆಲಸದ ಮೇಲೆಯೇ ನಿಲ್ಲುವುದು. ಹಾಗಾದರೆ ನೋಡುವವರು ಮಾಡುವವರಿಗೆ ಕೊಡಬೇಕಾದದ್ದು ಏನು?

ದುಡ್ಡು ಎಂದು ಕೆಲವರು ಹೇಳಬಹುದು. ದುಡ್ಡು ಬೇಕೇ ಬೇಕು. ಕಲೆಗೆ ಬೆಲೆ ಕಟ್ಟುವುದು ಪಾಪ ಎಂದು ಹೇಳುವವರು ಸಾಮಾನ್ಯವಾಗಿ ತಿಂಗಳ ಸಂಬಳದವರೇ ಆಗಿರುತ್ತಾರೆ, ನನ್ನ ಹಾಗೆ. ದೀಪಾವಳಿ ಕಳೆದು ಮೇಳಗಳು ಹೊರಟರೆ ಪತ್ತನಾಜೆಯವರೆಗೆ, ಅಂದರೆ ಮೇ ತಿಂಗಳ ಕೊನೆಯ ವಾರದವರೆಗೆ, ವೇಷಧಾರಿಗಳಿಗೆ ಗೆಜ್ಜೆ ಬಿಚ್ಚಲು ಪುರುಸೊತ್ತಿಲ್ಲ. ಮಳೆಗಾಲದ ತಿಂಗಳುಗಳಲ್ಲಿ ಅವರ ಮನೆಯ ಒಲೆಯೂ ಉರಿಯಬೇಕಲ್ಲ. ದೈವ ಕಟ್ಟುವ ನಲಿಕೆ, ಪಂಬದ, ಪರವ ಸಮುದಾಯಗಳ ಪಾಡು ಇದಕ್ಕಿಂತ ಕಷ್ಟದ್ದು. ರಾತ್ರಿ ಊರಿನ ದೊಡ್ಡವರೆಲ್ಲ ಅವರ ಮುಂದೆ ಕೈಮುಗಿದು ನಿಲ್ಲುತ್ತಾರೆ. ಬೆಳಗಾದ ಮೇಲೆ ಅವರಿಗೆ ಚಾ ಅಂಗಳದಲ್ಲೇ. ಅರುವತ್ತು ದಾಟಿದ ದೈವನರ್ತಕರಿಗೆ ತಿಂಗಳಿಗೆ ಎರಡು ಸಾವಿರ ರೂಪಾಯಿ ಮಾಸಾಶನವನ್ನು ರಾಜ್ಯ ಸರಕಾರ ಘೋಷಿಸಿದ್ದೇ 2022ರ ಅಕ್ಟೋಬರಿನಲ್ಲಿ. ಆದುದರಿಂದ ನಾದಿನಿಯ ಮಗ ಐವತ್ತು ರೂಪಾಯಿ ಕೊಟ್ಟದ್ದು ತಪ್ಪಲ್ಲ. ತಪ್ಪು ಬೇರೆ ಎಲ್ಲೋ ಇತ್ತು.

ಮತ್ತೊಮ್ಮೆ ಮಾಡಿ ಎಂದು ಕೇಳಿದ್ದು ತಪ್ಪೆ? ಅದೂ ಪೂರ್ತಿ ಸರಿಯಲ್ಲ. ಆಟದಲ್ಲಿ ಭಾಗವತರ ಪದ್ಯ ಹಿಡಿಸಿದರೆ ಮತ್ತೊಮ್ಮೆ ಎಂದು ಕೂಗುವವರು ಇದ್ದಾರೆ. ಡೇರೆ ಮೇಳಗಳ ಕಾಲದಲ್ಲಿ ಟಿಕೇಟು ಹರಿದು ಆಟ ನೋಡಿದವರು ನಾವು. ಹರಕೆಯ ಆಟವೂ ದೇವರಿಗೆ ಸಲ್ಲಿಸುವ ಸೇವೆಯೇ, ಕಟೀಲಿನ ಆಟಕ್ಕೆ ಹೆಸರು ಬರೆಸಿ ವರ್ಷಗಟ್ಟಲೆ ಕಾಯುವವರಿದ್ದಾರೆ. ಆದರೂ ಅದೇ ಬಯಲಿನಲ್ಲಿ ಚರುಮುರಿ ಗಾಡಿ ಇರುತ್ತದೆ, ಚಾಪೆಯ ಮೇಲೆ ಮಕ್ಕಳು ಮಲಗಿರುತ್ತಾರೆ, ಮಹಿಷಾಸುರ ದೊಂದಿ ಹಿಡಿದು ಜನರ ನಡುವಿನಿಂದ ಬರುವಾಗ ಅವರನ್ನು ಎಬ್ಬಿಸಿ ಕೂರಿಸುತ್ತೇವೆ. ಭಕ್ತಿ, ಮೋಜು ಎರಡೂ ಒಂದೇ ಚಾಪೆಯಲ್ಲಿ ಕೂತ ಊರು ನಮ್ಮದು. ನೋಡುವವರಿಲ್ಲದೆ ಆಟವೇ ಇಲ್ಲ. ಈಗ ಅನೇಕ ಕಡೆ ಇಡೀ ರಾತ್ರಿಯ ಆಟ ಕಾಲಮಿತಿಗೆ ಇಳಿದಿದೆ. ಹಳಬರು ಗೊಣಗುತ್ತಾರೆ. ಬೆಳಿಗ್ಗೆ ಕೆಲಸಕ್ಕೆ ಹೋಗಬೇಕಾದ ಹೆಂಗಸರು ಮಾತ್ರ "ಈಗಾದರೂ ಮಂಗಳದವರೆಗೆ ಕೂರಲು ಆಗುತ್ತದೆ" ಎನ್ನುವುದನ್ನು ಕೇಳಿದ್ದೇನೆ.

ಹಾಗಾದರೆ ಆಟಕ್ಕೆ ಸಲ್ಲುವುದು ಕೋಲಕ್ಕೆ ಯಾಕೆ ಸಲ್ಲುವುದಿಲ್ಲ? ಈ ಪ್ರಶ್ನೆಗೆ ನನಗೆ ದಾರಿ ತೋರಿಸಿದ್ದು ಬಾಲಿಯ ಆ ಗರಿ ಹೆಣೆಯುವವಳು. ಅವರ ದೇವಸ್ಥಾನಗಳಿಗೆ ಮೂರು ಅಂಗಳ. ಒಳಗಿನ ಅಂಗಳದ ಕುಣಿತ ದೇವರಿಗೆ, ನಡುವಿನದು ದೇವರಿಗೂ ಜನರಿಗೂ, ಹೊರಗಿನದು ನೋಡುವವರಿಗೆ ಎಂದು ಅವಳು ಬೆರಳು ಮಡಚಿ ಹೇಳಿದಳು. ಊರಿಗೆ ಬಂದ ಮೇಲೆ ಓದಿ ತಿಳಿದುಕೊಂಡೆ. ಪ್ರವಾಸಿಗಳು ಹೆಚ್ಚುತ್ತಿದ್ದ ಕಾಲದಲ್ಲಿ, 1971ರಲ್ಲಿ, ಅಲ್ಲಿಯ ಕಲಾವಿದರೂ ಪಂಡಿತರೂ ದೆನ್‌ಪಸಾರ್ ಪಟ್ಟಣದಲ್ಲಿ ಸಭೆ ಸೇರಿ, ತಮ್ಮ ಕುಣಿತಗಳನ್ನು ವಾಲಿ, ಬೆಬಾಲಿ, ಬಾಲಿಹ್-ಬಾಲಿಹಾನ್ ಎಂದು ಮೂರಾಗಿ ವಿಂಗಡಿಸಿದರಂತೆ. ಮೊದಲನೆಯದು ಪೂಜೆಯ ಭಾಗ, ಕೊನೆಯದು ನೋಡಲೆಂದೇ ಇರುವುದು. 2015ರಲ್ಲಿ ಯುನೆಸ್ಕೊ ಮಾನ್ಯತೆ ಸಿಕ್ಕಿದ್ದೂ ಈ ಮೂರು ಬಗೆಗಳಿಗೆ. ನಾನು ಕೈಮುಗಿದು ನೋಡಿದ ಕೆಚಕ್ ಕೂಡ ಆವೇಶದ ಒಂದು ಹಳೆಯ ಆಚರಣೆಯ ಗಾಯನದಿಂದ ಹುಟ್ಟಿದ್ದು. 1930ರ ದಶಕದಲ್ಲಿ ವಾಯನ್ ಲಿಂಬಕ್ ಎಂಬ ಅಲ್ಲಿಯ ನರ್ತಕನೂ ವಾಲ್ಟರ್ ಸ್ಪೀಸ್ ಎಂಬ ಜರ್ಮನ್ ಚಿತ್ರಕಾರನೂ ಅದಕ್ಕೆ ರಾಮಾಯಣದ ಕತೆ ಸೇರಿಸಿ ನೋಡುವವರಿಗಾಗಿ ಹೊಂದಿಸಿದರಂತೆ. ಹಾಗಾಗಿ ದಿನಾ ಸಂಜೆ ಅದನ್ನು ಆಡಿದರೆ ಯಾರಿಗೂ ನೋವಿಲ್ಲ. ನೋಡಲಿಕ್ಕೆ ಇರುವುದು ಯಾವುದು, ಇರದದ್ದು ಯಾವುದು ಎಂಬ ಗೆರೆಯನ್ನು ಅವರೇ ಕೂತು ಎಳೆದಿದ್ದಾರೆ.

ನನ್ನ ತಪ್ಪು ಏನೆಂದು ಆಗ ಹೊಳೆಯಿತು. 1998ರಲ್ಲಿ ಆ ಗೆರೆಯನ್ನು ನಾನು ಎಳೆದೆ. ಎಳೆಯಬೇಕಾದವರು ಹಟ್ಟಿಯ ಹಿಂದೆ ಎಣ್ಣೆ ಹಚ್ಚಿಕೊಳ್ಳುತ್ತಿದ್ದರು. ಟೀಚರು, ಮನೆಯ ಸೊಸೆ, ಮೇಲಿನ ಜಾತಿ, ಈ ಮೂರೂ ಒಟ್ಟಾಗಿ ಕೇಳಿದಾಗ ಅವರಿಗೆ ಇಲ್ಲ ಎನ್ನುವ ದಾರಿ ಇರಲಿಲ್ಲ. ಆದರೂ ಅವರು ಗಗ್ಗರದ ಹತ್ತಿರ ಒಂದು ಗೆರೆ ಎಳೆದರು. ಅಷ್ಟನ್ನು ಅವರು ಉಳಿಸಿಕೊಂಡರು. ಉಳಿಸಿಕೊಳ್ಳಬೇಕಾಗಿ ಬಂದದ್ದು ನನ್ನಿಂದ.

ನಮ್ಮ ಜಿಲ್ಲೆಯಲ್ಲಿ ಈಚೆಗೆ ಈ ಗೆರೆಯ ಮಾತು ಹೆಚ್ಚಾಗಿದೆ. 2022ರಲ್ಲಿ "ಕಾಂತಾರ" ಸಿನಿಮಾ ಬಂದ ಮೇಲೆ ಊರೂರಿನ ವೇದಿಕೆಗಳಲ್ಲಿ, ಶಾಲೆಯ ವಾರ್ಷಿಕೋತ್ಸವಗಳಲ್ಲಿ ಕೂಡ, ದೈವದ ವೇಷ ಹಾಕಿ ಕುಣಿಸುವ ಹುಚ್ಚು ಹತ್ತಿತು. ದೈವಾರಾಧಕರು ಬೇಡವೆಂದರು. ಸಿನಿಮಾ ಮಾಡಿದ ರಿಷಬ್ ಶೆಟ್ಟಿಯವರೂ ಅನುಕರಣೆ ಮಾಡಬೇಡಿ ಎಂದು ಕೇಳಿಕೊಂಡರು. ನಮ್ಮ ಶಾಲೆಯಲ್ಲೂ ಮಕ್ಕಳು ಆಸೆಪಟ್ಟರು. ನಾನು ಈ ಸಲ ಇಲ್ಲ ಎಂದೆ. ಅದೇ ಹೊತ್ತಿಗೆ 2023ರ ನವೆಂಬರಿನಲ್ಲಿ ಬೆಂಗಳೂರಿನ ಅರಮನೆ ಮೈದಾನದಲ್ಲಿ ಕರೆ ತೋಡಿ ಕಂಬಳ ಮಾಡಿದಾಗ ನನಗೆ ಬೇಸರವೇನೂ ಆಗಲಿಲ್ಲ. ಕೋಣಗಳ ಯಜಮಾನರೂ ಓಡಿಸುವವರೂ ತಾವೇ ಒಪ್ಪಿ ಲಾರಿ ಹತ್ತಿಸಿಕೊಂಡು ಹೋದರು. ಊರಿನ ಕಂಬಳಗದ್ದೆಯ ಪೂಜೆ ಊರಿನಲ್ಲೇ ಉಳಿಯಿತು, ಓಟ ಮಾತ್ರ ರಾಜಧಾನಿಗೆ ಹೋಯಿತು. ಹೊರಗಿನಿಂದ ನೋಡುವವರಿಗೆ ಎರಡೂ ಒಂದೇ ಆಗಿ ಕಂಡೀತು. ಮಾಡುವವರಿಗೆ ಒಂದೇ ಅಲ್ಲ.

ಕೆಲವು ಆಚರಣೆಗಳಲ್ಲಿ ನೋಡಲು ಏನೂ ಇರುವುದಿಲ್ಲ. ಫೆಬ್ರವರಿಯಲ್ಲಿ ಕೆಡ್ಡಸ ಬರುತ್ತದೆ. ಭೂಮಿತಾಯಿ ಮುಟ್ಟಾಗುವ ಮೂರು ದಿನ. ನೆಲ ಅಗೆಯುವಂತಿಲ್ಲ, ಹಸಿ ಕಡಿಯುವಂತಿಲ್ಲ. ಹುರಿದು ಹುಡಿಮಾಡಿದ ನನ್ನೆರಿಗೆ ಬೆಲ್ಲ, ತೆಂಗಿನಕಾಯಿ ಸೇರಿಸಿ ತಿನ್ನುತ್ತೇವೆ. ಕೊನೆಯ ದಿನ ಅಂಗಳದಲ್ಲಿ ಹೆಂಗಸರು ನೆಲಕ್ಕೆ ಎಣ್ಣೆ ಬಿಟ್ಟು, ಅರಸಿನ ಕುಂಕುಮ ಇಡುತ್ತೇವೆ. ಅಷ್ಟೆ. ವಾದ್ಯವಿಲ್ಲ, ವೇಷವಿಲ್ಲ. ಅಳಿಯ ಒಮ್ಮೆ ಆ ಹೊತ್ತಿಗೆ ಬಂದು, "ಆಯಿತಾ? ಇಷ್ಟೆಯಾ?" ಎಂದು ಕೇಳಿದ. ಇಷ್ಟೇ ಎಂದೆ. ವರ್ಷವಿಡೀ ತುಳಿಸಿಕೊಂಡ ನೆಲಕ್ಕೆ ಮೂರು ದಿನದ ರಜೆ ಕೊಡುವ ಹಬ್ಬ ಅದು. ಅದರ ಫೋಟೋ ತೆಗೆದರೆ ಒದ್ದೆ ಮಣ್ಣಿನ ಫೋಟೋ ಬರುತ್ತದೆ.

ನೋಡುವಂತಹ ಹಬ್ಬಗಳಲ್ಲಿ ಕೂಡ ಕಣ್ಣಿಗೆ ಬೀಳುವುದು ಅರ್ಧ. ಬಂಟ್ವಾಳ ತಾಲೂಕಿನ ಪೊಳಲಿಯ ಜಾತ್ರೆಗೆ ಸುಮಾರು ಒಂದು ತಿಂಗಳ ಉದ್ದ. ಗದ್ದೆಯಲ್ಲಿ ನಡೆಯುವ ಚೆಂಡಾಟ ನೋಡಲು ಜನ ಸೇರುವುದೇ ಸೇರುವುದು, ಹೋಗುವಾಗ ಪ್ರಸಾದದಂತೆ ಬಚ್ಚಂಗಾಯಿ ಹೊತ್ತುಕೊಂಡು ಹೋಗುವುದು. ಆ ಚರ್ಮದ ಚೆಂಡನ್ನು ಹೊಲಿದು ಕೊಡುವುದು ಮೂಡುಬಿದಿರೆಯ ಸಮಗಾರ ಮನೆತನ. ಎಷ್ಟೋ ವರ್ಷ ಚೆಂಡು ನೋಡಿದ ನಾನು ಆ ಚೆಂಡು ಎಲ್ಲಿಂದ ಬರುತ್ತದೆ ಎಂದು ಕೇಳಿರಲಿಲ್ಲ. ಕೋಲದಲ್ಲಿಯೂ ಹಾಗೆಯೇ. ಎಲ್ಲರ ಕಣ್ಣು ಅಣಿಯ ಮೇಲೆ. ಮೂಲೆಯಲ್ಲಿ ತೆಂಬರೆ ಹಿಡಿದು, ದೈವ ಹುಟ್ಟಿದ ಕತೆಯನ್ನು ಪಾಡ್ದನದಲ್ಲಿ ಹೇಳಿ ದೈವವನ್ನು ಕರೆಯುವ ಹೆಂಗಸಿನ ಮುಖವನ್ನು ಯಾರೂ ನೋಡುವುದಿಲ್ಲ. ನಾದಿನಿಯ ಮಗನ ಅಷ್ಟೂ ಫೋಟೋಗಳಲ್ಲಿ ಅವರ ಒಂದು ಕೈ ಮಾತ್ರ ಒಂದು ಕಡೆ ಬಿದ್ದಿತ್ತು.

ಈಗ ನಾನು ನನ್ನ ಮಟ್ಟಿಗೆ ಕೆಲವು ನೇಮ ಇಟ್ಟುಕೊಂಡಿದ್ದೇನೆ. ನೆಂಟರು ಬಂದು ಕೋಲ ನೋಡಬೇಕೆಂದರೆ, ಯಾವಾಗ ಉಂಟೋ ಆವಾಗ ಬನ್ನಿ ಎನ್ನುತ್ತೇನೆ, ನೀವು ಬಂದಾಗ ಇರುವುದಿಲ್ಲ ಎಂದೂ ಹೇಳುತ್ತೇನೆ. ಫೋಟೋ ತೆಗೆಯುವ ಮೊದಲು ಕೇಳಬೇಕು, ಕೇಳುವಾಗ ಇಲ್ಲ ಎನ್ನಲು ಅವರಿಗೆ ಸುಲಭವಾಗುವ ಹಾಗೆ ಕೇಳಬೇಕು. ಇದು ಹೇಳಿದಷ್ಟು ಸುಲಭವಲ್ಲ. ಬಂದವರು ಅರ್ಧಕ್ಕೆ ಎದ್ದು ಹೋಗಬಾರದು ಎಂದು ಮೊದಲು ಹೇಳುತ್ತಿದ್ದೆ. ಈಗ ಬಿಟ್ಟಿದ್ದೇನೆ, ಮನೆಯಲ್ಲಿ ಮಲಗಿದ ಅತ್ತೆಗೆ ಮಾತ್ರೆ ಕೊಡಬೇಕಾದವಳು ಏಳದೆ ಏನು ಮಾಡಿಯಾಳು? ಇನ್ನೊಂದು, ನಮ್ಮ ಮನೆಯ ಕೋಲದ ದಿನ ಈಗ ಅಡುಗೆಗೆ ಜನ ಮಾಡುತ್ತೇವೆ. ಹೆಂಗಸರು ಅಂಗಳದಲ್ಲಿ ಕೂರುತ್ತಾರೆ. ಅಮ್ಮ ಅದನ್ನು ನೋಡಲು ಇರಲಿಲ್ಲ. ಆದರೆ ಅಡುಗೆಗೆ ಬರುವವರಲ್ಲೂ ಹೆಂಗಸರಿದ್ದಾರೆ, ಅವರು ಕಿಟಕಿಯ ಸರಳಿನಿಂದ ಇಣುಕುವುದನ್ನೂ ಕಂಡಿದ್ದೇನೆ. ಲೆಕ್ಕ ಪೂರ್ತಿ ಚುಕ್ತಾ ಆಗುವುದಿಲ್ಲ.

ಆ ಹುಡುಗಿಯ ವಿಷಯ ಹೇಳಿ ಮುಗಿಸುತ್ತೇನೆ. ಅವಳು ಹತ್ತನೆಯದು ಪಾಸಾಗಿ ಮಂಗಳೂರಿಗೆ ಹೋದಳೆಂದು ತಿಳಿದಿತ್ತು. ನಾನೂ ವರ್ಗವಾಗಿ ಬಂಟ್ವಾಳದ ಕಡೆಗೆ ಬಂದೆ. ಕ್ಷಮೆ ಕೇಳಬೇಕೆಂದು ಎಷ್ಟೋ ಸಲ ಅನ್ನಿಸಿತು. ಹೇಗೆ ಕೇಳುವುದು, ಕೇಳಿದರೆ ನನ್ನ ಮನಸ್ಸು ಹಗುರಾದೀತು, ಅವಳಿಗೇನು ಎಂದು ಸುಮ್ಮನಾದೆ. ಆ ಯೋಚನೆಯಲ್ಲಿ ಸತ್ಯ ಎಷ್ಟು, ಹೇಡಿತನ ಎಷ್ಟು ಎಂದು ಈಗಲೂ ಗೊತ್ತಿಲ್ಲ.

2023ರ ಡಿಸೆಂಬರಿನಲ್ಲಿ ಮೂಡುಬಿದಿರೆಗೆ ಆಳ್ವಾಸ್ ವಿರಾಸತ್ ನೋಡಲು ಹೋಗಿದ್ದೆ. ಎಲ್ಲರಿಗೂ ಉಚಿತ ಪ್ರವೇಶ. ಗುಡ್ಡದ ಇಳಿಜಾರಿನಲ್ಲಿ ಸಾವಿರಾರು ಜನ, ಕೆಳಗೆ ವೇದಿಕೆಯ ಮೇಲೆ ಬೇರೆ ಬೇರೆ ರಾಜ್ಯಗಳ ಕುಣಿತ, ಮಕ್ಕಳ ಮಲ್ಲಕಂಬ. ಜಾಗ ಹುಡುಕುತ್ತಿದ್ದಾಗ "ಟೀಚರ್, ಇಲ್ಲಿ ಬನ್ನಿ" ಎಂದು ಯಾರೋ ಕರೆದರು. ನಲವತ್ತರ ಹತ್ತಿರದ ಹೆಂಗಸು, ಒಳ್ಳೆಯ ಸೀರೆ, ಪಕ್ಕದಲ್ಲಿ ಗಂಡ, ಇಬ್ಬರು ಮಕ್ಕಳು. ಕೈಯಲ್ಲಿ ಚರುಮುರಿಯ ಪೊಟ್ಟಣ. ಗುರುತು ಸಿಕ್ಕಿದ ಕೂಡಲೇ ನನಗೆ ಮಾತು ನಿಂತುಹೋಯಿತು. ಅಪ್ಪ, ಅಮ್ಮ ಹೇಗಿದ್ದಾರೆ ಎಂದು ಕೇಳಿದೆ. ಅಪ್ಪ ತೀರಿಕೊಂಡಿದ್ದಾರೆ, ತಮ್ಮ ದೈವ ಕಟ್ಟುತ್ತಾನೆ, ಅಮ್ಮ ಈಗಲೂ ಪಾಡ್ದನ ಹೇಳುತ್ತಾರೆ ಎಂದಳು.

"ನಿನ್ನ ಒಂದು ಪ್ರಬಂಧಕ್ಕೆ ನಾನು ಕಡಿಮೆ ಅಂಕ ಕೊಟ್ಟಿದ್ದೆ" ಎಂದೆ. ಅದಕ್ಕಿಂತ ಹೆಚ್ಚು ಹೇಳಲು ಆಗಲಿಲ್ಲ.

ಅವಳು ಸ್ವಲ್ಪ ಹೊತ್ತು ವೇದಿಕೆಯ ಕಡೆ ನೋಡಿದಳು. "ನೆನಪುಂಟು ಟೀಚರ್" ಎಂದಳು. ಆಮೇಲೆ ಚರುಮುರಿಯ ಪೊಟ್ಟಣವನ್ನು ನನ್ನ ಕಡೆ ಚಾಚಿ, "ಇವತ್ತು ನಾನು ನೋಡ್ಲಿಕ್ಕೆ ಬಂದದ್ದು" ಎಂದಳು.

ನಾನು ಅವಳ ಪಕ್ಕದಲ್ಲಿ ಕೂತೆ. ಕಾರ್ಯಕ್ರಮ ಮುಗಿಯುವವರೆಗೆ ನಾವಿಬ್ಬರೂ ಮತ್ತೆ ಮಾತಾಡಲಿಲ್ಲ.